ವೂಲಿಚ್ ಅಂದ್ರೆ ಆ ವಿಡಿಯೊ ಒಂದೇನಾ?

2013ರ ಮೇ 22ರಂದು ಲಂಡನ್ನಿನ ನಮ್ಮ ವೂಲಿಚ್‌ನಲ್ಲಿ, ಬ್ಯಾರಕ್ಸ್ ಹತ್ತಿರ, ಹಾಡಹಗಲೇ ಒಬ್ಬ ಸೈನಿಕನ ಕೊಲೆಯಾಯಿತು. ಸುದ್ದಿ ತೋರಿಸಬೇಡಿ ಅಂತ ಯಾರೂ ಹೇಳುತ್ತಿಲ್ಲ ಸ್ವಾಮಿ. ಆದರೆ ಸಂಜೆ ಆರೂವರೆಗೆ, ಮಕ್ಕಳೆಲ್ಲ ಟಿವಿ ಮುಂದೆ ಇರುವ ಹೊತ್ತಿನಲ್ಲಿ, ಕೊಂದವರಲ್ಲೊಬ್ಬ ಕೈಯೆಲ್ಲ ರಕ್ತ ಮಾಡಿಕೊಂಡು ಮಾಡಿದ ಭಾಷಣದ ವಿಡಿಯೊವನ್ನು ಇಡೀ ದೇಶಕ್ಕೆ ತೋರಿಸಿ, ಆಮೇಲೆ ಒಂದೊಂದೇ ಚಾನೆಲ್‌ನವರು ಅದನ್ನೇ ತಿರುಗಾಮುರುಗಾ ಹಾಕಿದರಲ್ಲ, ಅದು ಯಾರಿಗೆ ಬೇಕಿತ್ತು? ಅವನಿಗೆ ಬೇಕಾಗಿದ್ದದ್ದೂ ಅದೇ ಅಲ್ವಾ? ಕ್ಯಾಮೆರಾ!

ಸತ್ತವನ ಮನೆಯವರೂ ಟಿವಿ ನೋಡುತ್ತಾರೆ ಅನ್ನೋದು ಒಬ್ಬರಿಗೂ ಹೊಳೆಯಲಿಲ್ಲವೇ.

ಟಿವಿ ಪ್ರಸಾರದ ಮೇಲೆ ಕಣ್ಣಿಡುವ ಬ್ರಿಟನ್ನಿನ ಆಫ್‌ಕಾಮ್ ಸಂಸ್ಥೆಗೆ ಸುಮಾರು 700 ದೂರು ಹೋದವು. 2014ರ ಜನವರಿಯಲ್ಲಿ ಬಂದ ತೀರ್ಪು? ನಿಯಮ ಮುರಿದಿಲ್ಲವಂತೆ, ಮುನ್ನೆಚ್ಚರಿಕೆ ಹೇಳೋದನ್ನ ಮಾತ್ರ ಇನ್ನು ಸರಿಯಾಗಿ ಹೇಳಬೇಕಂತೆ. ಅಷ್ಟೇ!

ಅವತ್ತು ಚಾಕು ಹಿಡಿದವರ ಪಕ್ಕದಲ್ಲೇ ಧೈರ್ಯವಾಗಿ ಹೋಗಿ, ಬಿದ್ದಿದ್ದ ಹುಡುಗನ ಜೊತೆ ಕೂತ ಹೆಂಗಸರಿದ್ದರು. ಅವರನ್ನೂ ತೋರಿಸಿದರು, ಇಲ್ಲ ಅನ್ನಲ್ಲ. ಆದರೆ ವರ್ಷಗಳಾದ ಮೇಲೂ ನಾನು ವೂಲಿಚ್‌ನವನು ಅಂದ ಕೂಡಲೇ ಜನ ಕೇಳೋದು ಆ ವಿಡಿಯೊ ಬಗ್ಗೆ. ಆರ್ಸೆನಲ್ ಫುಟ್‌ಬಾಲ್ ಕ್ಲಬ್ 1886ರಲ್ಲಿ ಹುಟ್ಟಿದ್ದೂ ಇಲ್ಲೇ ಕಣ್ರೀ, ಅದನ್ನಾದರೂ ಕೇಳಿ.