ಸತ್ಯಾಂಶ: ಪೋಕರ್ ಸ್ಯಾಟಲೈಟ್ ಅಂದರೆ ‘ಬಹುತೇಕ ಫ್ರೀ ಟಿಕೆಟ್’ ಅಲ್ಲ

ಪೋಕರ್ ಅಂದರೆ ದುಡ್ಡಿಟ್ಟು ಆಡುವ ಒಂದು ಇಸ್ಪೀಟ್ ಆಟ; ಅದರ ದೊಡ್ಡ ಟೂರ್ನಮೆಂಟ್‌ಗೆ ಸೀಟು ಗೆಲ್ಲಲು ಆಡುವ ಸಣ್ಣ ಟೂರ್ನಮೆಂಟೇ ಸ್ಯಾಟಲೈಟ್. ಬೆಂಗಳೂರಿನ ಪಿಜಿ, ಆಫೀಸ್ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುವ ಮಾತು ಇದು: ‘ಸಣ್ಣ ಸ್ಯಾಟಲೈಟ್ ಟೂರ್ನಮೆಂಟ್ ಆಡಿ, ದೊಡ್ಡದಕ್ಕೆ ಬಹುತೇಕ ಫ್ರೀ ಎಂಟ್ರಿ. ಬುದ್ಧಿಯ ಆಟ, ಕೋರ್ಟೇ ಒಪ್ಪಿದೆ.’

ಲೆಕ್ಕ ಹಾಕಿ ನೋಡಿ. ಎಂಟ್ರಿ 1,100 ರೂಪಾಯಿ, ಅದರಲ್ಲಿ 100 ಆಟ ನಡೆಸುವವರಿಗೆ ಅಂದುಕೊಳ್ಳಿ. ಹತ್ತು ಜನ ಸೇರಿದರೆ 10,000 ರೂಪಾಯಿಯ ಒಂದೇ ಟಿಕೆಟ್. ಒಂಬತ್ತು ಜನರ ದುಡ್ಡು ಹೋಯ್ತು. ಗೆದ್ದವರಿಗೂ ಸಾಮಾನ್ಯವಾಗಿ ಸಿಗುವುದು ಸೀಟು, ನಗದಲ್ಲ. ಆ ದೊಡ್ಡ ಆಟದಲ್ಲೂ ಜಾಸ್ತಿ ಜನ ಬರಿಗೈಲೇ ಏಳುತ್ತಾರೆ. 2003ರಲ್ಲಿ ಅಮೆರಿಕದ ಕ್ರಿಸ್ ಮನಿಮೇಕರ್ ಆನ್‌ಲೈನ್ ಸ್ಯಾಟಲೈಟ್‌ನಿಂದ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಎಂಬ ದೊಡ್ಡ ಟೂರ್ನಮೆಂಟ್‌ಗೆ ಹೋಗಿ 25 ಲಕ್ಷ ಡಾಲರ್ ಗೆದ್ದದ್ದು ನಿಜ. ಆದರೆ ಅಲ್ಲಿ ಆಡಿದವರು 839 ಜನ. ಉಳಿದವರ ಕಥೆ ಯಾರೂ ಫಾರ್ವರ್ಡ್ ಮಾಡಲ್ಲ, ಅಲ್ವಾ?

ಇನ್ನು ಕೋರ್ಟಿನ ಮಾತು. 2022ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್, ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳ ಮೇಲಿನ ರಾಜ್ಯದ ನಿಷೇಧವನ್ನು ರದ್ದು ಮಾಡಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿಟ್ಟು ಆಡಿಸುವುದನ್ನೇ ನಿಷೇಧಿಸುತ್ತದೆ. ಬುದ್ಧಿಯೋ ಅದೃಷ್ಟವೋ ಎಂಬ ಭೇದ ಅದರಲ್ಲಿಲ್ಲ. ಶಿಕ್ಷೆ ಆಡಿಸುವವರಿಗೆ, ಆಡುವವರಿಗಲ್ಲ. ಆದರೂ ಕದ್ದುಮುಚ್ಚಿ ನಡೆಯುವ ಹೊರದೇಶದ ಆ್ಯಪ್‌ನಲ್ಲಿ ದುಡ್ಡು ಸಿಕ್ಕಿಬಿದ್ದರೆ ವಾಪಸ್ ಪಡೆಯುವುದು ತುಂಬಾ ಕಷ್ಟ.