ವಾರಂಟಿ ಮುಗಿದರೆ ಹೊಣೆಯೂ ಮುಗಿಯಿತೇ?

‘ವಾರಂಟಿ ಮುಗಿದ ಪವರ್ ಟಿಲ್ಲರ್, ಮೇವು ಕತ್ತರಿಸುವ ಯಂತ್ರಗಳಲ್ಲಿ ದೋಷ ಕಂಡರೂ ಕಂಪನಿ ಎಚ್ಚರಿಸಬೇಕಾಗಿಲ್ಲ, ಗಾಯವಾದರೆ ರೈತನೇ ಹೊಣೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ವಾರಂಟಿ ಎಂಬುದು ಉಚಿತ ದುರಸ್ತಿಯ ಮಾತು. ಗಾಯದ ಹೊಣೆ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಮಿನ ಪ್ರಕಾರ ತಯಾರಿಕೆ ಅಥವಾ ವಿನ್ಯಾಸದ ದೋಷಕ್ಕೆ ಮಾತ್ರವಲ್ಲ, ಸರಿಯಾದ ಬಳಕೆಯ ಸೂಚನೆ, ಎಚ್ಚರಿಕೆ ಕೊಡದಿದ್ದುದಕ್ಕೂ ತಯಾರಕರು ಹೊಣೆ. ಅಪಾಯಕಾರಿ ಸರಕನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲೆಂದೇ ಯಂತ್ರ ಕೊಂಡ ರೈತ ‘ವಾಣಿಜ್ಯ ಖರೀದಿದಾರ’ನಲ್ಲ, ಗ್ರಾಹಕನೇ.

ಆದರೆ ಸಂದೇಶಕ್ಕೆ ಉತ್ತರವಾಗಿ ಕೆಲವರು ಬರೆಯುತ್ತಿರುವಂತೆ ಎಲ್ಲ ನಷ್ಟಕ್ಕೂ ಈ ಹೊಣೆಯಡಿ ಪರಿಹಾರ ಸಿಗುವುದಿಲ್ಲ. ಉತ್ಪನ್ನ ಹೊಣೆಗಾರಿಕೆಯಲ್ಲಿ, ಅಂದರೆ ದೋಷದ ಸರಕಿನಿಂದಾದ ಹಾನಿಯ ಹೊಣೆಯಲ್ಲಿ, ದೇಹಕ್ಕಾದ ಗಾಯ, ಬೇರೆ ಆಸ್ತಿಯ ಹಾನಿ ಸೇರುತ್ತವೆ. ಯಂತ್ರಕ್ಕೇ ಆದ ಹಾನಿ, ಆರ್ಥಿಕ ನಷ್ಟ ಸೇರುವುದಿಲ್ಲ. ಎಲ್ಲರಿಗೂ ಗೊತ್ತಿರುವ ಅಪಾಯವನ್ನು ಹೇಳಲಿಲ್ಲವೆಂದು ದೂರುವಂತಿಲ್ಲ.

ಇನ್ನು ಕಂಪನಿಗಳ ನಡೆ. ಜಾಲತಾಣದ ಮೂಲೆಯಲ್ಲಿ ಇಂಗ್ಲಿಷಿನಲ್ಲೊಂದು ಪ್ರಕಟಣೆ ಹಾಕಿ ಕೈತೊಳೆದುಕೊಂಡರೆ ಅದನ್ನು ತಿಳಿಸುವುದು ಎನ್ನಲಾಗದು. ಯಾವ ಮಾದರಿ, ಯಾವ ಕ್ರಮಸಂಖ್ಯೆ, ಯಾವ ಭಾಗ, ಇಂದೇ ಯಂತ್ರ ನಿಲ್ಲಿಸಬೇಕೇ, ದುರಸ್ತಿಯ ಖರ್ಚು ಯಾರದು? ಇಷ್ಟನ್ನು ಕನ್ನಡದಲ್ಲಿ, ನೇರವಾಗಿ ಮೊಬೈಲಿಗೆ ಮತ್ತು ಮಾರಾಟಗಾರರ ಮೂಲಕ ಹೇಳಬೇಕು. ಹಳೆಯ ಯಂತ್ರಗಳು ಕೈಬದಲಾಗುತ್ತಲೇ ಇರುತ್ತವೆ. ಮೊದಲ ಖರೀದಿದಾರನ ಸಂಖ್ಯೆಯೊಂದೇ ಸಾಲದು.

ವಿಚಾರಿಸಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು, ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ ಕಾಲಾವಕಾಶವಿದೆ.