ಹಾಸಿಗೆ ಹಿಡಿದರು ಅಂತ ಕೈ ಬಿಡಬೇಡಿ

ಹಿರಿಯರ ಆರೈಕೆಯ ದಾರಿಯನ್ನೇ ಬದಲಿಸಿದ ಬ್ರಿಟನ್ನಿನ ವೈದ್ಯೆ ಡಾ. ಮಾರ್ಜರಿ ವಾರೆನ್ ಬಗ್ಗೆ ನೀವು ಲೇಖನ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. 1935ರಲ್ಲಿ ಲಂಡನ್ ಪಕ್ಕದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಹಳೆಯ ಬಡವರ ಆಶ್ರಮದ ವಾರ್ಡುಗಳು ಸೇರಿದಾಗ, ಅಲ್ಲಿದ್ದ 700ಕ್ಕೂ ಜಾಸ್ತಿ ಜನರ ಹೊಣೆ ಇವರ ಮೇಲೆ ಬಿತ್ತು. ಎಷ್ಟೋ ಜನ ವರ್ಷಗಟ್ಟಲೆ ಸುಮ್ನೆ ಮಲಗಿದ್ದವರು. ವಾರೆನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದರು. ಎಬ್ಬಿಸಿ ಕೂರಿಸಿದರು, ನಡೆಸಿದರು. ಹಲವರು ಮನೆಗೇ ಹೋದರು! ವೈದ್ಯ ವಿದ್ಯಾರ್ಥಿಗಳಿಗೆ ಹಿರಿಯರ ಚಿಕಿತ್ಸೆಯನ್ನು ಪ್ರತ್ಯೇಕ ವಿಷಯವಾಗಿ ಕಲಿಸಬೇಕು ಎಂದು 1943ರಲ್ಲೇ ಬರೆದರು.

ನಮ್ಮ ಹಾಸನದ ಕಡೆ ಇದು ಮನೆಮನೆಯ ವಿಷಯ. ಸಕಲೇಶಪುರ, ಆಲೂರಿನ ಊರುಗಳಲ್ಲಿ ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ತೋಟದ ಮನೆಯಲ್ಲಿ. ನಮ್ಮ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. "ವಯಸ್ಸಾಯ್ತಲ್ಲ, ಮಲಗಿರಲಿ ಬಿಡಿ" ಅಂದವರೇ ಎಲ್ಲರೂ. ಡಾಕ್ಟರನ್ನು ಕೇಳಿ ಫಿಸಿಯೋಥೆರಪಿ ಶುರು ಮಾಡಿಸಿದೆವು. ಮೊದಲು ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಕೂತರು. ಆಮೇಲೆ ಕಿಟಕಿಯ ಸರಳು ಹಿಡಿದು ನಿಂತರು. ಈಗ ವಾಕರ್ ಹಿಡಿದು ಜಗಲಿಗೆ ಬಂದು ಕಾಫಿ ಹಣ್ಣು ಒಣಗಿದೆಯಾ ನೋಡುತ್ತಾರೆ, ಬೈಯುತ್ತಾರೆ ಕೂಡ. ಸುಮ್ನೆ ಮಲಗಿಸಿದರೆ ಕೀಲು ಬಿಗಿಯುತ್ತೆ, ಬೆನ್ನಲ್ಲಿ ಹುಣ್ಣಾಗುತ್ತೆ, ಮನಸ್ಸೂ ಕುಗ್ಗುತ್ತೆ. ಅದು ವಯಸ್ಸಿನ ತಪ್ಪಲ್ಲ ಅಲ್ವಾ?

ಹಿರಿಯರ ಆರೋಗ್ಯಕ್ಕಾಗಿ 2010ರ ಹೊತ್ತಿಗೆ ಶುರುವಾದ ಕೇಂದ್ರದ ಯೋಜನೆಯಲ್ಲಿ ಜಿಲ್ಲಾ ಆಸ್ಪತ್ರೆಗೆ 10 ಹಾಸಿಗೆಯ ವಾರ್ಡ್ ಇದೆ. ಫಿಸಿಯೋಥೆರಪಿ ಮಾತ್ರ ಹಳ್ಳಿಯ ಬಾಗಿಲವರೆಗೂ ಬರಬೇಕು. ಮಳೆಗಾಲದಲ್ಲಿ ಸೊಂಟ ಮುರಿದವರನ್ನು ಘಟ್ಟದ ದಾರಿಯಲ್ಲಿ ವಾರವಾರ ಹಾಸನಕ್ಕೆ ಕರೆತರೋದು ಆಗದ ಮಾತು.